ಪಳಗಿದ ಕೈಗೆ ಹೊಸ ಭಾಷೆ: ಅನುಭವಿ ಪ್ರೋಗ್ರಾಮರ್‌ಗಳು ಹಿಂಜರಿಯುವುದೇಕೆ?

2024ರ ಆಗಸ್ಟ್ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಮುಕ್ತ ತಂತ್ರಾಂಶ ಸಮಾವೇಶದ ವೇದಿಕೆಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಒಂದು ಸಂಗತಿಯನ್ನು ಒಪ್ಪಿಕೊಂಡರು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ರಸ್ಟ್ ಎಂಬ ಹೊಸ ಪ್ರೋಗ್ರಾಮಿಂಗ್ ಭಾಷೆಯ ಬಳಕೆ ತಾವು ನಿರೀಕ್ಷಿಸಿದ ವೇಗದಲ್ಲಿ ಸಾಗುತ್ತಿಲ್ಲ. ಸಿ ಭಾಷೆಯಲ್ಲಿ ಕೈ ಪಳಗಿದ ಹಳಬರಿಗೆ ರಸ್ಟ್ ತಿಳಿಯದು, ಅಷ್ಟು ಭಿನ್ನವಾದ ಭಾಷೆಯನ್ನು ಹೊಸದಾಗಿ ಕಲಿಯುವ ಉತ್ಸಾಹವೂ ಅವರಲ್ಲಿ ಹೆಚ್ಚಿಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು.

ಇದು ಕೆಲವು ತಂತ್ರಜ್ಞರ ಒಳಜಗಳವಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಆಂಡ್ರಾಯ್ಡ್ ಮೊಬೈಲ್‌ಗಳ ಒಳಗಿರುವುದು ಲಿನಕ್ಸ್ ಕರ್ನೆಲ್. ಅಂತರ್ಜಾಲದ ಸರ್ವರ್‌ಗಳ ಬಹುಭಾಗ ನಡೆಯುವುದು ಅದರ ಮೇಲೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೊಂದಕ್ಕೆ ಜಾಗವಿಲ್ಲ. ಇಂಥ ತಂತ್ರಾಂಶವನ್ನು ಯಾವ ಭಾಷೆಯಲ್ಲಿ ಬರೆಯಬೇಕು, ಬರೆದದ್ದನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಮೊಬೈಲ್ ಹಿಡಿದ ಪ್ರತಿಯೊಬ್ಬರ ಸುರಕ್ಷತೆಗೂ ಸಂಬಂಧಿಸಿದ್ದು. ಅನುಭವಿ ಪ್ರೋಗ್ರಾಮರ್‌ಗಳು ಹೊಸ ಭಾಷೆಯ ಮುಂದೆ ಹಿಂಜರಿಯುವುದೇಕೆ, ಆ ಹಿಂಜರಿಕೆಯಲ್ಲಿ ಹುರುಳೆಷ್ಟು, ಹಠವೆಷ್ಟು ಎಂಬುದರ ವಿವರ ಇಲ್ಲಿದೆ.

ಎಪ್ಪತ್ತು ವರ್ಷಗಳ ಹಳೆಯ ಕಥೆ

ಈ ಹಿಂಜರಿಕೆ ಇಂದು ನಿನ್ನೆಯದಲ್ಲ. ಗಣಕಯಂತ್ರಕ್ಕೆ ಅರ್ಥವಾಗುವ ಸಂಕೇತಗಳಲ್ಲೇ ಪ್ರೋಗ್ರಾಂ ಬರೆಯುತ್ತಿದ್ದ ಕಾಲದಲ್ಲಿ, ಅಂದರೆ 1952ರಲ್ಲಿ, ಗ್ರೇಸ್ ಹಾಪರ್ ಎ-ಝೀರೊ ಎಂಬ ಆರಂಭಿಕ ಕಂಪೈಲರ್ ಸಿದ್ಧಪಡಿಸಿದರು. ಮನುಷ್ಯರು ಬರೆದದ್ದನ್ನು ಯಂತ್ರದ ಸಂಕೇತಕ್ಕೆ ಪರಿವರ್ತಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನವದು. ಗಣಕವೇನಿದ್ದರೂ ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ಸಹೋದ್ಯೋಗಿಗಳೇ ಅದನ್ನು ನಂಬಲಿಲ್ಲವೆಂದು ಹಾಪರ್ ಮುಂದೆ ನೆನೆಸಿಕೊಂಡಿದ್ದಾರೆ. ‘ಹಿಂದಿನಿಂದಲೂ ಹೀಗೇ ಮಾಡಿಕೊಂಡು ಬಂದಿದ್ದೇವೆ’ ಎಂಬ ವಾದವನ್ನು ಅಣಕಿಸಲು ಅವರು ತಮ್ಮ ಕಚೇರಿಯ ಗೋಡೆಯಲ್ಲಿ ಹಿಮ್ಮುಖವಾಗಿ ಚಲಿಸುವ ಗಡಿಯಾರವೊಂದನ್ನು ತೂಗುಹಾಕಿದ್ದು ಪ್ರಸಿದ್ಧ ಸಂಗತಿ.

1957ರಲ್ಲಿ ಐಬಿಎಂ ಸಂಸ್ಥೆಯಿಂದ ಹೊರಬಂದ ಫೋರ್‌ಟ್ರಾನ್ ಭಾಷೆಗೂ ಇದೇ ಸ್ವಾಗತ ಕಾದಿತ್ತು. ಕಂಪೈಲರ್ ಹೊರಡಿಸುವ ಸಂಕೇತ ನುರಿತವರು ಕೈಯಾರೆ ಬರೆದ ಸಂಕೇತದಷ್ಟು ಚುರುಕಾಗಿರಲು ಸಾಧ್ಯವೇ ಇಲ್ಲ ಎಂಬುದು ಅಂದಿನ ಪರಿಣತರ ದೃಢ ನಂಬಿಕೆ. ಆ ತಂಡದ ನಾಯಕ ಜಾನ್ ಬ್ಯಾಕಸ್, 1950ರ ದಶಕದ ಪ್ರೋಗ್ರಾಮರ್‌ಗಳನ್ನು ತಮ್ಮ ವಿದ್ಯೆಯ ಗುಟ್ಟನ್ನು ಕಾಯ್ದುಕೊಳ್ಳುವ ಪುರೋಹಿತ ವರ್ಗಕ್ಕೆ ಹೋಲಿಸಿದ್ದರು. ಅನುಮಾನಪಟ್ಟವರ ಬಾಯಿ ಮುಚ್ಚಿಸಲೆಂದೇ ಬ್ಯಾಕಸ್ ತಂಡ ತನ್ನ ಶ್ರಮದ ಬಹುಪಾಲನ್ನು ಸಂಕೇತದ ವೇಗ ಹೆಚ್ಚಿಸುವುದಕ್ಕೆ ಮೀಸಲಿಟ್ಟಿತು. ವೇಗ ಸಾಬೀತಾದ ಮೇಲೆ ಫೋರ್‌ಟ್ರಾನ್ ಹರಡಲು ತಡವಾಗಲಿಲ್ಲ. ಹಳಬರನ್ನು ಮಣಿಸಿದ್ದು ಉಪದೇಶವಲ್ಲ, ಫಲಿತಾಂಶ ಎಂಬುದು ಗಮನಾರ್ಹ.

ಬಲ್ಲವರಿಗೇ ತೊಡಕು

ಒಂದು ಭಾಷೆ ಬಂದರೆ ಇನ್ನೊಂದು ಸುಲಭ ಎಂಬ ಮಾತು ತಂತ್ರಾಂಶ ವಲಯದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಅರ್ಧ ಸತ್ಯ ಮಾತ್ರ ಎನ್ನುತ್ತವೆ ಅಧ್ಯಯನಗಳು. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರನ್ನೊಳಗೊಂಡ ತಂಡವೊಂದು, 18 ಭಾಷೆಗಳಿಗೆ ಸಂಬಂಧಿಸಿದಂತೆ ಪ್ರೋಗ್ರಾಮರ್‌ಗಳು ಅಂತರ್ಜಾಲದಲ್ಲಿ ಕೇಳಿದ್ದ 450 ಪ್ರಶ್ನೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ 276 ಕಡೆ ತೊಂದರೆಯ ಮೂಲ ಅಜ್ಞಾನವಾಗಿರಲಿಲ್ಲ. ಮೊದಲೇ ತಿಳಿದಿದ್ದ ಭಾಷೆಯಿಂದ ಹೊತ್ತು ತಂದ ತಪ್ಪು ಕಲ್ಪನೆಯಾಗಿತ್ತು. ತಂಡ ಸಂದರ್ಶಿಸಿದ 16 ವೃತ್ತಿಪರರೂ ಈ ಪೂರ್ವಜ್ಞಾನದ ಅಡ್ಡಿಯನ್ನು ವಿವರಿಸಿದರು.

ಕನ್ನಡಿಗರಿಗೆ ಇದು ಅಪರಿಚಿತ ಅನುಭವವಲ್ಲ. ಹಿಂದಿಯ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ, ಕನ್ನಡದ ‘ಶಿಕ್ಷೆ’ ಎಂದರೆ ದಂಡನೆ. ಪದ ಪೂರ್ತಿ ಹೊಸದಾಗಿದ್ದರೆ ಕಲಿಯುವವರು ನಿಘಂಟು ತೆರೆದು ನೋಡುತ್ತಾರೆ. ಪರಿಚಿತವಾಗಿ ಕಂಡರೆ ಎಡವುತ್ತಾರೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಹೀಗೆಯೇ. ಏಳನ್ನು ಎರಡರಿಂದ ಭಾಗಿಸೆಂದು ಪೂರ್ಣಾಂಕಗಳಲ್ಲಿ ಕೇಳಿದರೆ ಜಾವಾ 3 ಎನ್ನುತ್ತದೆ, ಪೈಥಾನ್‌ನ ಮೂರನೇ ಆವೃತ್ತಿ 3.5 ಎನ್ನುತ್ತದೆ. ಪಟ್ಟಿಯೊಂದರ ‘ಮೈನಸ್ ಒಂದನೆಯ’ ಅಂಶ ಕೊಡು ಎಂದರೆ ಜಾವಾ ಅದನ್ನು ದೋಷವೆಂದು ಸಾರಿ ನಿಲ್ಲುತ್ತದೆ. ಪೈಥಾನ್ ಪಟ್ಟಿಯ ಕೊನೆಯ ಅಂಶವನ್ನು ಕೊಡುತ್ತದೆ. ಅಂಕಿಅಂಶ ತಜ್ಞರ ನೆಚ್ಚಿನ ಆರ್ ಭಾಷೆ ಮೊದಲ ಅಂಶವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಡುತ್ತದೆ. ದೋಷವೆಂದು ನಿಂತುಬಿಡುವ ಭಾಷೆಗಿಂತ, ಸದ್ದಿಲ್ಲದೆ ಬೇರೆಯ ಉತ್ತರ ಕೊಡುವ ಭಾಷೆ ಅನುಭವಿಗೆ ಹೆಚ್ಚು ಅಪಾಯಕಾರಿ.

ವ್ಯಾಕರಣ ಕಲಿಯುವುದು ಇದರಲ್ಲಿ ಸುಲಭದ ಭಾಗ. 1990ರಲ್ಲಿ ಜೀನ್ ಶೋಲ್ಟ್ಸ್ ಮತ್ತು ಸೂಸನ್ ವೀಡನ್‌ಬೆಕ್ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತ್ತು. ಪ್ಯಾಸ್ಕಲ್‌ನಂಥ ಭಾಷೆ ಬಲ್ಲವರಿಗೆ ಹೊಸ ಭಾಷೆ ಕೊಟ್ಟಾಗ ಅವರು ತಿಣುಕಾಡಿದ್ದು ಚಿಹ್ನೆಗಳ ಮುಂದಲ್ಲ, ಆ ಭಾಷೆಗೆ ಒಗ್ಗುವಂತೆ ಪರಿಹಾರವನ್ನು ಯೋಜಿಸುವ ಹಂತದಲ್ಲಿ. ಹೊಸ ಭಾಷೆಯ ಪದಗಳನ್ನು ಬಳಸಿ ಹಳೆಯ ಭಾಷೆಯ ವಾಕ್ಯಗಳನ್ನೇ ಬರೆಯುವ ಪ್ರವೃತ್ತಿ ಅನುಭವಿಗಳಲ್ಲಿ ಬಲವಾಗಿರುತ್ತದೆ.

ಇದಕ್ಕೆ ಮತ್ತೊಂದು ಮುಖವೂ ಉಂಟು. ಪ್ರೋಗ್ರಾಮರ್ ಹಾಗೂ ಲೇಖಕ ಪಾಲ್ ಗ್ರಹಾಂ 2001ರ ಪ್ರಬಂಧವೊಂದರಲ್ಲಿ ಇದನ್ನು ಚರ್ಚಿಸಿದ್ದರು. ತಾನು ಬಳಸುವ ಭಾಷೆಗಿಂತ ಕಡಿಮೆ ಸಾಮರ್ಥ್ಯದ ಭಾಷೆಯಲ್ಲಿ ಏನು ಕೊರತೆಯಿದೆ ಎಂಬುದು ಪ್ರೋಗ್ರಾಮರ್‌ಗೆ ತಕ್ಷಣ ಕಾಣುತ್ತದೆ. ಆದರೆ ಹೆಚ್ಚಿನ ಸಾಮರ್ಥ್ಯದ ಭಾಷೆಯನ್ನು ನೋಡಿದಾಗ ಕಾಣುವುದು ಸಾಮರ್ಥ್ಯವಲ್ಲ, ಅನಗತ್ಯ ವಿಚಿತ್ರಗಳು ಮಾತ್ರ. ಏಕೆಂದರೆ ಯೋಚಿಸುವುದೇ ತನ್ನ ಭಾಷೆಯಲ್ಲಿ ಎಂಬುದು ಅವರ ವಾದ.

ರಸ್ಟ್ ಏನು ಬೇಡುತ್ತದೆ?

ಸಿ ಭಾಷೆ ರೂಪುಗೊಂಡದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, ಡೆನಿಸ್ ರಿಚಿ ಅವರ ಕೈಯಲ್ಲಿ. ಗಣಕದ ಸ್ಮೃತಿಯನ್ನು ಎಲ್ಲಿ ಪಡೆಯಬೇಕು, ಯಾವಾಗ ಹಿಂದಿರುಗಿಸಬೇಕು ಎಂಬ ಪೂರ್ಣ ಹೊಣೆಯನ್ನು ಅದು ಪ್ರೋಗ್ರಾಮರ್‌ಗೆ ಬಿಟ್ಟುಕೊಡುತ್ತದೆ. ಅದರ ವೇಗಕ್ಕೆ ಕಾರಣವೂ ಇದೇ, ಅಪಾಯಕ್ಕೆ ಕಾರಣವೂ ಇದೇ. ಹಿಂದಿರುಗಿಸಿದ ಸ್ಮೃತಿಯನ್ನು ಮತ್ತೆ ಬಳಸುವುದೆಂದರೆ, ಖಾಲಿ ಮಾಡಿದ ಬಾಡಿಗೆ ಮನೆಗೆ ಹಳೆಯ ಕೀಲಿ ಹಾಕಿ ನುಗ್ಗಿದಂತೆ. ಒಳಗೆ ಆಗ ಯಾರಿದ್ದಾರೋ, ಏನಿದೆಯೋ ತಿಳಿಯದು. ದಾಳಿಕೋರರು ಹುಡುಕುವುದು ಇಂಥ ಬಾಗಿಲುಗಳನ್ನೇ. ತನ್ನ ಉತ್ಪನ್ನಗಳಲ್ಲಿ ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಸ್ಮೃತಿ ಸಂಬಂಧಿ ದೋಷಗಳು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಬಹಿರಂಗಪಡಿಸಿತು. ಕ್ರೋಮ್ ಬ್ರೌಸರ್‌ನ ಗಂಭೀರ ದೋಷಗಳ ಬಗ್ಗೆ ಗೂಗಲ್ 2020ರಲ್ಲಿ ನೀಡಿದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಗ್ರೇಡನ್ ಹೋರ್ 2006ರಲ್ಲಿ ಖಾಸಗಿಯಾಗಿ ಆರಂಭಿಸಿ, ಮೊಝಿಲ್ಲಾ ಸಂಸ್ಥೆ 2009ರಲ್ಲಿ ಕೈಹಿಡಿದ ರಸ್ಟ್, 2015ರ ಮೇ ತಿಂಗಳಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡಿತು. ಅದರ ನಿಯಮ ಜಮೀನಿನ ದಾಖಲೆಯಂತೆ ಕಟ್ಟುನಿಟ್ಟು. ಸ್ಮೃತಿಯ ಪ್ರತಿ ತುಂಡಿಗೂ ಒಂದು ಸಮಯಕ್ಕೆ ಒಬ್ಬನೇ ಮಾಲೀಕ. ಉಳಿದವರು ಎರವಲು ಪಡೆಯಬಹುದು. ಆದರೆ ಎಷ್ಟೇ ಮಂದಿ ಓದುವುದಕ್ಕೆ ಪಡೆಯಬಹುದು, ಇಲ್ಲವೇ ಒಬ್ಬ ಮಾತ್ರ ತಿದ್ದುವುದಕ್ಕೆ ಪಡೆಯಬಹುದು, ಎರಡೂ ಒಟ್ಟಿಗೆ ನಡೆಯದು. ನಿಯಮ ಮುರಿದರೆ ಪ್ರೋಗ್ರಾಂ ಓಡುವುದಕ್ಕೆ ಮೊದಲೇ ಕಂಪೈಲರ್ ತಡೆಹಿಡಿಯುತ್ತದೆ.

ಇಪ್ಪತ್ತು ವರ್ಷ ಸಿ ಬರೆದವರಿಗೆ ಇದು ಮುಜುಗರದ ಅನುಭವ. ಇದು ಸರಿಯಿದೆ ಎಂದು ತಮ್ಮ ಅನುಭವ ಹೇಳುವ ಸಂಕೇತವನ್ನೂ ಕಂಪೈಲರ್ ಮತ್ತೆ ಮತ್ತೆ ತಿರಸ್ಕರಿಸುತ್ತದೆ. ನಿನ್ನೆಯವರೆಗೆ ತಂಡದ ಹಿರಿಯರಾಗಿದ್ದವರು ಏಕಾಏಕಿ ಒಂದನೇ ತರಗತಿಯ ಬೆಂಚಿನಲ್ಲಿ ಕುಳಿತಂತೆ. ಹಿಂಜರಿಕೆಯ ಮೂಲದಲ್ಲಿ ಬುದ್ಧಿಯ ಪ್ರಶ್ನೆಗಿಂತ ಮರ್ಯಾದೆಯ ಪ್ರಶ್ನೆಯೇ ಎಷ್ಟೋ ಸಲ ದೊಡ್ಡದು.

ಲಿನಕ್ಸ್ ಅಂಗಳದ ಬಿಕ್ಕಟ್ಟು

2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಪ್ರಾಯೋಗಿಕವಾಗಿ ಪ್ರವೇಶ ದೊರೆಯಿತು. ಅಲ್ಲಿಯವರೆಗೆ ಮೂರು ದಶಕಗಳ ಕಾಲ ಕರ್ನೆಲ್‌ನ ಭಾಷೆ ಸಿ ಮತ್ತು ಅಲ್ಪಸ್ವಲ್ಪ ಅಸೆಂಬ್ಲಿ ಮಾತ್ರ. ಸಿ ಪ್ಲಸ್ ಪ್ಲಸ್ ಭಾಷೆಯನ್ನು 2007ರಲ್ಲಿ ಟೊರ್ವಾಲ್ಡ್ಸ್ ಅವರೇ ಕಟುವಾಗಿ ಟೀಕಿಸಿದ್ದರು. ಆದ್ದರಿಂದ ರಸ್ಟ್‌ಗೆ ಅವರು ಬಾಗಿಲು ತೆರೆದದ್ದು ಹಲವರಿಗೆ ಅಚ್ಚರಿ ತಂದಿತ್ತು.

ಬಾಗಿಲು ತೆರೆದರೂ ಮನಸ್ಸು ತೆರೆಯಲಿಲ್ಲ. ರಸ್ಟ್ ಯೋಜನೆಯ ಪ್ರಮುಖರಲ್ಲಿ ಒಬ್ಬರಾದ ವೆಡ್ಸನ್ ಅಲ್ಮೀಡಾ ಫಿಲ್ಹೊ, ತಾಂತ್ರಿಕವಲ್ಲದ ಕಿರಿಕಿರಿಗಳಿಂದ ಬೇಸತ್ತು 2024ರ ಆಗಸ್ಟ್‌ನಲ್ಲಿ ಹೊರನಡೆದರು. 2025ರ ಆರಂಭದಲ್ಲಿ ಜಗಳ ಮತ್ತೆ ತಾರಕಕ್ಕೇರಿತು. ಯಂತ್ರಾಂಶ ನೇರವಾಗಿ ಸ್ಮೃತಿಯೊಡನೆ ವ್ಯವಹರಿಸುವ ಭಾಗಕ್ಕೆ ರಸ್ಟ್‌ನ ಸೇತುವೆ ಕಟ್ಟುವ ಪ್ರಸ್ತಾವವನ್ನು ಆ ಭಾಗದ ಅಂದಿನ ನಿರ್ವಾಹಕ ಕ್ರಿಸ್ಟಾಫ್ ಹೆಲ್‌ವಿಗ್ ವಿರೋಧಿಸಿದರು. ಎರಡು ಭಾಷೆಗಳು ಬೆರೆತ ತಂತ್ರಾಂಶವನ್ನು ದೀರ್ಘಕಾಲ ನಿರ್ವಹಿಸುವುದು ಅಸಾಧ್ಯವಾಗುತ್ತದೆ ಎಂಬುದು ಅವರ ಆತಂಕ. ತಮ್ಮ ಭಾಗದಲ್ಲಿ ರಸ್ಟ್ ಬೇಡವೆನ್ನುವವರನ್ನು ಯಾರೂ ಬಲವಂತ ಮಾಡುವುದಿಲ್ಲ, ಆದರೆ ಅದನ್ನು ಬೇರೆಡೆ ಬಳಸುವವರನ್ನು ತಡೆಯುವ ಹಕ್ಕೂ ಅವರಿಗಿಲ್ಲ ಎಂದು ಟೊರ್ವಾಲ್ಡ್ಸ್ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದರು. ಅದೇ ತಿಂಗಳು ಹೆಲ್‌ವಿಗ್ ಆ ಹೊಣೆಯಿಂದ ಸರಿದರು. ಆಪಲ್ ಗಣಕಗಳಿಗೆ ಲಿನಕ್ಸ್ ಒಗ್ಗಿಸುವ ಯೋಜನೆಯ ಮುಂದಾಳು, ರಸ್ಟ್ ಪರ ವಾದಿಸುತ್ತಿದ್ದ ಹೆಕ್ಟರ್ ಮಾರ್ಟಿನ್ ಸಹ ಅದೇ ತಿಂಗಳು ನಿರ್ಗಮಿಸಿದರು. ಅಂದರೆ ಎರಡೂ ಪಾಳಯಗಳಿಗೆ ನಷ್ಟವಾಯಿತು.

ಹಾಗೆಂದು ಇದನ್ನು ಹಳಬರು ಮತ್ತು ಹೊಸಬರ ಯುದ್ಧವೆಂದು ಸರಳಗೊಳಿಸುವುದೂ ತಪ್ಪಾದೀತು. ಕರ್ನೆಲ್‌ನ ಅತ್ಯಂತ ಹಿರಿಯ ನಿರ್ವಾಹಕರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ರಸ್ಟ್ ಪರವಾಗಿಯೇ ನಿಂತರು. ವರ್ಷಗಳಿಂದ ಕರ್ನೆಲ್‌ನ ಭದ್ರತಾ ದೋಷಗಳನ್ನು ಕಣ್ಣಾರೆ ನೋಡುತ್ತ ಬಂದಿರುವ ತಮಗೆ, ಅವುಗಳಲ್ಲಿ ಹೆಚ್ಚಿನವು ಸಿ ಭಾಷೆಯ ಸಣ್ಣಪುಟ್ಟ ಸಂದುಗಳಿಂದ ಹುಟ್ಟಿದವು, ರಸ್ಟ್‌ನಲ್ಲಿ ಅವು ಹುಟ್ಟುತ್ತಲೇ ಇರಲಿಲ್ಲ ಎಂಬುದು ಮನವರಿಕೆಯಾಗಿದೆ ಎಂದು ಅವರು ವಿವರಿಸಿದರು. ಅನುಭವವೇ ಒಬ್ಬರನ್ನು ವಿರೋಧಕ್ಕೂ ಇನ್ನೊಬ್ಬರನ್ನು ಬೆಂಬಲಕ್ಕೂ ಒಯ್ದಿತ್ತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಸೇರಿದ ನಿರ್ವಾಹಕರ ಸಭೆ, ರಸ್ಟ್ ಇನ್ನು ಪ್ರಯೋಗವಲ್ಲ, ಕರ್ನೆಲ್‌ನ ಕಾಯಂ ಭಾಗ ಎಂಬ ಸಹಮತಕ್ಕೆ ಬಂದಿತು.

ಹಿರಿಯರ ವಾದದಲ್ಲೂ ಹುರುಳಿದೆ

ಹೊಸತನ್ನು ಬೇಡವೆನ್ನುವವರನ್ನು ಸೋಮಾರಿಗಳೆಂದು ಜರೆಯುವುದು ಸುಲಭ. ಆದರೆ ದೀರ್ಘಕಾಲ ಈ ವೃತ್ತಿಯಲ್ಲಿದ್ದವರು ಭಾಷೆಗಳ ಹುಟ್ಟಿನ ಜೊತೆಗೆ ಅವುಗಳ ಸಾವನ್ನೂ ಕಂಡವರು. ಫ್ಲ್ಯಾಶ್ ತಂತ್ರಜ್ಞಾನವನ್ನು ನಂಬಿ ಆಕ್ಷನ್‌ಸ್ಕ್ರಿಪ್ಟ್ ಕಲಿತವರಿಗೆ 2020ರ ಡಿಸೆಂಬರ್ 31ರಂದು ಫ್ಲ್ಯಾಶ್ ಪ್ಲೇಯರ್ ಬೆಂಬಲ ಕೊನೆಗೊಂಡಿತು. ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ 2021ರ ಅಕ್ಟೋಬರ್‌ನಲ್ಲಿ ಕಣ್ಣುಮುಚ್ಚಿತು. ಪೈಥಾನ್‌ನ ಮೂರನೇ ಆವೃತ್ತಿ 2008ರಲ್ಲಿ ಬಂದರೂ, ಎರಡನೆಯದನ್ನು ಕೈಬಿಡಲು ಬಳಕೆದಾರರು ಒಪ್ಪದ ಕಾರಣ 2015ಕ್ಕೆ ನಿಗದಿಯಾಗಿದ್ದ ಗಡುವನ್ನು 2020ರ ಜನವರಿ 1ರವರೆಗೆ ವಿಸ್ತರಿಸಬೇಕಾಯಿತು. ಒಂದೇ ಭಾಷೆಯ ಎರಡು ಆವೃತ್ತಿಗಳ ನಡುವಿನ ದಾರಿಯೇ ಹನ್ನೊಂದು ವರ್ಷ ಹಿಡಿಯಿತು.

ಪ್ರೋಗ್ರಾಂ ಬರೆಯುವುದು ಕೆಲವು ತಿಂಗಳ ಕೆಲಸ, ಅದನ್ನು ನೋಡಿಕೊಳ್ಳುವುದು ದಶಕಗಳ ಹೊಣೆ. ಉತ್ಸಾಹದಿಂದ ಹೊಸ ಭಾಷೆ ತಂದವರು ಬೇರೆ ಕೆಲಸಕ್ಕೆ ಹೋದ ಮೇಲೆ ನಡುರಾತ್ರಿ ಬಂದ ದೂರಿಗೆ ಓಗೊಡಬೇಕಾದವರು ಉಳಿದವರೇ. ಹಿರಿಯರ ಪ್ರಶ್ನೆ ಸಾಮಾನ್ಯವಾಗಿ ‘ಇದನ್ನು ಕಲಿಯಲಾದೀತೆ’ ಎಂಬುದಲ್ಲ, ‘ಹತ್ತು ವರ್ಷದ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ’ ಎಂಬುದು.

ವಯಸ್ಸು ಅಡ್ಡಿಯೇ?

ವಯಸ್ಸಾದವರಿಗೆ ಹೊಸದು ತಲೆಗೆ ಹತ್ತುವುದಿಲ್ಲ ಎಂಬ ನಂಬಿಕೆ ಉದ್ಯಮದಲ್ಲಿ ಬೇರೂರಿದೆ. ಪುರಾವೆ ಮಾತ್ರ ಅದನ್ನು ಬೆಂಬಲಿಸುವುದಿಲ್ಲ. ಪ್ರೋಗ್ರಾಮರ್‌ಗಳು ಪರಸ್ಪರ ಪ್ರಶ್ನೋತ್ತರ ನಡೆಸುವ ಸ್ಟ್ಯಾಕ್ ಓವರ್‌ಫ್ಲೋ ತಾಣದ ದತ್ತಾಂಶ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿನ ಸದಸ್ಯರ ಪ್ರೋಗ್ರಾಮಿಂಗ್ ಜ್ಞಾನ ಐವತ್ತರ ವಯೋಮಾನದವರೆಗೂ ಏರುತ್ತಲೇ ಇರುತ್ತದೆ.

ಉದಾಹರಣೆಗಳಿಗೂ ಬರವಿಲ್ಲ. ಯುನಿಕ್ಸ್ ರೂಪಿಸಿದ ಕೆನ್ ಥಾಂಪ್ಸನ್ 2007ರಲ್ಲಿ ರಾಬ್ ಪೈಕ್, ರಾಬರ್ಟ್ ಗ್ರೀಸ್ಮರ್ ಜೊತೆಗೂಡಿ ಗೂಗಲ್‌ನಲ್ಲಿ ಗೋ ಭಾಷೆಯ ವಿನ್ಯಾಸಕ್ಕಿಳಿದಾಗ ಅರವತ್ತು ದಾಟಿದ್ದರು. 1980ರ ದಶಕದಲ್ಲಿ ಟರ್ಬೊ ಪ್ಯಾಸ್ಕಲ್, ಮುಂದೆ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಭಾಷೆಗಳನ್ನು ಕೊಟ್ಟ ಆಂಡರ್ಸ್ ಹೈಲ್ಸ್‌ಬರ್ಗ್, 2025ರ ಮಾರ್ಚ್‌ನಲ್ಲಿ ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ತಾವು ಸೃಷ್ಟಿಸದ ಗೋ ಭಾಷೆಗೆ ಒಯ್ಯುತ್ತಿರುವುದಾಗಿ ಪ್ರಕಟಿಸಿದರು. ಆಗ ಅವರ ವಯಸ್ಸು 64.

ಬ್ರಯನ್ ಕರ್ನಿಘನ್ ಅವರ ಉದಾಹರಣೆ ಹೆಚ್ಚು ಪಾಠ ಕಲಿಸುತ್ತದೆ. 1978ರಲ್ಲಿ ರಿಚಿ ಜೊತೆ ಸಿ ಭಾಷೆಯ ಪ್ರಸಿದ್ಧ ಪುಸ್ತಕ ಬರೆದ ಅವರು, 2015ರಲ್ಲಿ ತಮ್ಮ 73ನೇ ವಯಸ್ಸಿನಲ್ಲಿ ಗೋ ಭಾಷೆಯ ಪುಸ್ತಕಕ್ಕೆ ಸಹಲೇಖಕರಾದರು. ಅದೇ ಕರ್ನಿಘನ್, ರಸ್ಟ್‌ನಲ್ಲಿ ಬರೆದ ತಮ್ಮ ಒಂದೇ ಒಂದು ಪ್ರೋಗ್ರಾಂ ತಮಗೆ ಕಷ್ಟಕೊಟ್ಟಿತೆಂದು 2025ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಸಿ ಬಲ್ಲವರಿಗೆ ಗೋ ಪಕ್ಕದ ಊರು, ರಸ್ಟ್ ದೂರದ ನಾಡು. ದಾರಿಯ ಉದ್ದವನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಎರಡು ಭಾಷೆಗಳ ನಡುವಿನ ಅಂತರ.

ಹತ್ತಿರವಿದ್ದ ಮಾತ್ರಕ್ಕೆ ಎಲ್ಲರೂ ಬರುತ್ತಾರೆಂದೂ ಇಲ್ಲ. ಗೋ ಭಾಷೆಗೆ ಸಿ ಪ್ಲಸ್ ಪ್ಲಸ್ ಬಳಗ ಬರುತ್ತದೆಂದು ಅದರ ನಿರ್ಮಾತೃಗಳು ಎಣಿಸಿದ್ದರು. ಬಂದವರು ಹೆಚ್ಚಾಗಿ ಪೈಥಾನ್, ರೂಬಿ ಬಳಸುತ್ತಿದ್ದವರು ಎಂದು ರಾಬ್ ಪೈಕ್ 2012ರಲ್ಲಿ ಬರೆದರು. ಸಿ ಪ್ಲಸ್ ಪ್ಲಸ್ ಪರಿಣತರು ಕಷ್ಟಪಟ್ಟು ಗಳಿಸಿದ ಹಿಡಿತವನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ ಎಂಬುದು ಅವರ ವಿಶ್ಲೇಷಣೆ.

ಬೆಂಗಳೂರಿನ ನಂಟು

ಹಳೆಯ ಭಾಷೆಯಿಂದ ಹೊಸ ಭಾಷೆಗೆ ದಾಟುವ ಕಷ್ಟ ಬೆಂಗಳೂರಿಗೆ ಹೊಸದಲ್ಲ. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಂಗಳು 2000ದಲ್ಲಿ ಕೈಕೊಡುವ ಭೀತಿ ಎದುರಾದಾಗ, 1959-60ರಲ್ಲಿ ರೂಪುಗೊಂಡ ಕೋಬಾಲ್ ಭಾಷೆಯ ಲಕ್ಷಗಟ್ಟಲೆ ಸಾಲುಗಳನ್ನು ತಿದ್ದುವ ಕೆಲಸ ಭಾರತದ ಕಂಪನಿಗಳಿಗೆ ಹರಿದುಬಂತು. ನಗರದ ತಂತ್ರಾಂಶ ಉದ್ಯಮ ಪಶ್ಚಿಮದ ಬ್ಯಾಂಕುಗಳ, ವಿಮಾ ಸಂಸ್ಥೆಗಳ ವಿಶ್ವಾಸ ಗಳಿಸಿದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು. ಅದು ಮುಗಿದ ಮೇಲೆ ಕೋಬಾಲ್ ಬಲ್ಲ ಅನೇಕರು ಜಾವಾ ಮುಂತಾದ ಭಾಷೆಗಳತ್ತ ಹೊರಳಿದರು.

ಸೇವಾ ಕಂಪನಿಗಳಲ್ಲಿ ಭಾಷೆಯ ಆಯ್ಕೆ ಬಹುತೇಕ ಗ್ರಾಹಕರದು. ಪ್ರಾಜೆಕ್ಟ್ ಬದಲಾದರೆ ಭಾಷೆಯೂ ಬದಲಾಗುತ್ತದೆ, ಕಲಿಯದವರು ಬೆಂಚ್ ಮೇಲೆ ಕೂರಬೇಕಾಗುತ್ತದೆ. ಹೊಸದಾಗಿ ಸೇರಿದವರಿಗೆ ತಿಂಗಳುಗಟ್ಟಲೆ ತರಬೇತಿಯಿದೆ. ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ ಇದಕ್ಕೇ ಹೆಸರಾದದ್ದು. ಮನೆ ಸಾಲದ ಕಂತು, ಮಕ್ಕಳ ಶಾಲೆ, ತಂಡದ ಜವಾಬ್ದಾರಿಗಳ ನಡುವೆ ನಲವತ್ತರ ಆಸುಪಾಸಿನವರು ಕಲಿಯಬೇಕಾದದ್ದು ಕಚೇರಿಯ ಕೆಲಸ ಮುಗಿದ ಮೇಲೆ, ಸ್ವಂತ ಸಮಯದಲ್ಲಿ.

ಹಳೆಯದಕ್ಕೆ ಬೆಲೆ ಹೋಗಿಯೇಬಿಟ್ಟಿತೆನ್ನುವಂತೆಯೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾಲದ ನಿರುದ್ಯೋಗ ಅರ್ಜಿಗಳ ಭಾರಕ್ಕೆ ಹಳೆಯ ವ್ಯವಸ್ಥೆಗಳು ಕುಸಿಯತೊಡಗಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಂದಿನ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೋರಿದ್ದರು.

ನಡುದಾರಿ ಯಾವುದು?

ಹಳೆಯದನ್ನೆಲ್ಲ ಕೆಡವಿ ಹೊಸದಾಗಿ ಬರೆಯಬೇಕಿಲ್ಲ ಎಂಬುದಕ್ಕೆ ಆಂಡ್ರಾಯ್ಡ್ ಸಾಕ್ಷಿ. ಇದ್ದ ಸಂಕೇತವನ್ನು ಹಾಗೆಯೇ ಉಳಿಸಿಕೊಂಡು, ಹೊಸದಾಗಿ ಬರೆಯುವುದನ್ನು ಹೆಚ್ಚಾಗಿ ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯುವ ನೀತಿಯಿಂದ, ಸ್ಮೃತಿ ಸಂಬಂಧಿ ದೋಷಗಳ ಪಾಲು 2019ರಲ್ಲಿದ್ದ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿಯಿತೆಂದು ಗೂಗಲ್ ತಿಳಿಸಿದೆ. ಹಳೆಯ ಭಾಗವನ್ನು ಹಳಬರು ನೋಡಿಕೊಳ್ಳಲು, ಹೊಸದನ್ನು ಸಮಯ ತೆಗೆದುಕೊಂಡು ಕಲಿಯಲು ಇದು ಅವಕಾಶ ಕೊಡುತ್ತದೆ.

ಎಷ್ಟು ಸಮಯ ಎಂಬುದಕ್ಕೂ ಅಂದಾಜಿದೆ. ರಸ್ಟ್ ಬಳಸಿದ ತನ್ನ ಸಾವಿರಕ್ಕೂ ಹೆಚ್ಚು ಪ್ರೋಗ್ರಾಮರ್‌ಗಳ ಸಮೀಕ್ಷೆಯ ಫಲಿತಾಂಶವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಮೂರನೇ ಎರಡಕ್ಕೂ ಹೆಚ್ಚು ಮಂದಿಗೆ ಎರಡು ತಿಂಗಳೊಳಗೆ ಆತ್ಮವಿಶ್ವಾಸ ಬಂದಿತ್ತು. ನಾಲ್ಕು ತಿಂಗಳಲ್ಲಿ ಅರ್ಧದಷ್ಟು ಮಂದಿ ಹಳೆಯ ಭಾಷೆಯ ವೇಗವನ್ನೇ ತಲುಪಿದ್ದರು. ಆದರೆ ಅವರಿಗೆ ಕಲಿಕೆ ಕೆಲಸದ ಭಾಗವೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

2021ರ ಬಳಿಕ ಬಂದ ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶಗಳು ಹೊಸ ಭಾಷೆಯ ವ್ಯಾಕರಣವನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಹಾಗಾದರೆ ಕಲಿಯುವ ಅಗತ್ಯವೇ ಇಲ್ಲವೇ? ಕಷ್ಟದ ಭಾಗ ವ್ಯಾಕರಣವಲ್ಲ, ಯೋಚನೆಯ ಕ್ರಮ ಎಂಬುದು ಅಧ್ಯಯನಗಳಿಂದ ತಿಳಿದದ್ದೇ. ಯಂತ್ರ ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳಲು ಆ ಭಾಷೆ ಓದಲು ಬರಲೇಬೇಕು. ತಂತ್ರಾಂಶ ಎಲ್ಲಿ ಮುರಿದುಬೀಳಬಹುದು ಎಂದು ಮೊದಲೇ ಊಹಿಸುವ ಹಿರಿಯರ ಅನುಭವಕ್ಕೆ ಇಲ್ಲಿ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಫೋರ್‌ಟ್ರಾನ್ ಕಾಲದ ಹಳಬರು ಫಲಿತಾಂಶ ಕಂಡ ಮೇಲೆ ಒಪ್ಪಿದರು. ಲಿನಕ್ಸ್‌ನ ಹಳಬರಲ್ಲಿ ಕೆಲವರು ಒಪ್ಪಿದ್ದಾರೆ, ಕೆಲವರು ದೂರ ಸರಿದಿದ್ದಾರೆ. ಹೊಸ ಭಾಷೆ ತರುವವರು ಅದರ ನಿರ್ವಹಣೆಯ ಹೊಣೆಯನ್ನೂ ಹೊತ್ತಾಗ, ಕಲಿಯುವವರಿಗೆ ಸಂಸ್ಥೆಗಳು ಕೆಲಸದ ವೇಳೆಯಲ್ಲೇ ಸಮಯ ಕೊಟ್ಟಾಗ, ಹಿರಿಯರು ಕೆಲವು ತಿಂಗಳ ಮಟ್ಟಿಗೆ ವಿದ್ಯಾರ್ಥಿಯಾಗಲು ಸಂಕೋಚಪಡದಿದ್ದಾಗ ಈ ದಾಟು ಹಗುರವಾಗುತ್ತದೆ.

ಪ್ರಮುಖ ಇಸವಿಗಳು

1952: ಗ್ರೇಸ್ ಹಾಪರ್ ಅವರ ಎ-ಝೀರೊ ಕಂಪೈಲರ್
1957: ಐಬಿಎಂನಿಂದ ಫೋರ್‌ಟ್ರಾನ್
1978: ಕರ್ನಿಘನ್ ಮತ್ತು ರಿಚಿ ಅವರ ಸಿ ಪುಸ್ತಕ
1991: ಲಿನಕ್ಸ್ ಆರಂಭ
2009: ಗೋ ಭಾಷೆ ಪ್ರಕಟ
2015: ರಸ್ಟ್‌ನ ಮೊದಲ ಸ್ಥಿರ ಆವೃತ್ತಿ
2020: ಪೈಥಾನ್ ಎರಡನೇ ಆವೃತ್ತಿಗೆ ವಿದಾಯ
2022: ಲಿನಕ್ಸ್ ಕರ್ನೆಲ್‌ಗೆ ರಸ್ಟ್ ಪ್ರವೇಶ
2025: ಕರ್ನೆಲ್‌ನಲ್ಲಿ ರಸ್ಟ್ ಪ್ರಾಯೋಗಿಕ ಹಂತದಿಂದ ಹೊರಕ್ಕೆ